ಸರ್ಕಲ್ಲಿನ ಹತ್ತು ಸುತ್ತು

ನಮ್ಮ ಶೆಡ್ಡಿನಲ್ಲಿ ಇಂಜಿನಿಯರ್ ಎಂದರೆ ನಾನು, ಕೆಲಸ ಗೊತ್ತಿದ್ದವರು ಕಾಕ. ಇದನ್ನು ಒಪ್ಪಿಕೊಳ್ಳಲು ನನಗೆ ಹನ್ನೆರಡು ವರ್ಷ ಬೇಕಾಯಿತು. ಒಪ್ಪಿಕೊಂಡ ಹೊತ್ತಿಗೆ ಕಾಕನಿಗೆ ಅದರಿಂದ ಏನೂ ಪ್ರಯೋಜನ ಉಳಿದಿರಲಿಲ್ಲ.

ಶೆಡ್ ಇರುವುದು ದುಬೈನ ಅಲ್ ಕೂಸ್‌ನಲ್ಲಿ, ಬಣ್ಣದ ಗೋದಾಮು ಮತ್ತು ಅಲ್ಯುಮಿನಿಯಂ ಕಿಟಕಿ ಮಾಡುವವರ ನಡುವೆ. ಅಲ್ಲಿ ನಾವು ಹಳೆಯ ಕಾರುಗಳನ್ನು ಮತ್ತೆ ಓಡುವಂತೆ ಮಾಡುತ್ತೇವೆ. ಹಳೆಯದು ಎಂದರೆ ನಮ್ಮ ಅಪ್ಪಂದಿರ ಕಾಲದ್ದಲ್ಲ, ಅವರ ಅಪ್ಪಂದಿರೂ ಕಣ್ಣಿಂದ ನೋಡಿರಲಾರದಷ್ಟು ಹಳೆಯದು. ಮರದ ಕಡ್ಡಿಗಳ ಚಕ್ರ, ಹಿತ್ತಾಳೆಯ ದೀಪ, ಪಕ್ಕದಲ್ಲಿ ಒತ್ತುವ ಹಾರ್ನ್. ಇವೆಲ್ಲ ಒಬ್ಬರೇ ಯಜಮಾನರವು. ಐವತ್ತು ದಾಟಿದ ಇಲ್ಲಿಯವರೇ ಆದ ಅರಬ್ಬರು, ನಾವೆಲ್ಲ ಅವರನ್ನು ಅರ್ಬಾಬ್ ಎನ್ನುತ್ತೇವೆ. ಬೇರೆಯವರು ಇಂಥ ಕಾರುಗಳನ್ನು ಗಾಜಿನ ಹಿಂದೆ ನಿಲ್ಲಿಸಿ ಒರೆಸುತ್ತಾರೆ. ಇವರು ಹಾಗಲ್ಲ, ಓಡಿಸಬೇಕು. ಅಬುಧಾಬಿ ಕಡೆ ಅವರದೊಂದು ತೋಟವಿದೆ. ಚಳಿಗಾಲದಲ್ಲಿ ನೆಂಟರಿಷ್ಟರನ್ನು ಕೂರಿಸಿಕೊಂಡು ಖರ್ಜೂರದ ಸಾಲುಗಳ ನಡುವೆ ಒಂದು ಸುತ್ತು ಹೊಡೆದರೆ ಅವರಿಗೆ ಆ ವರ್ಷ ಸಾರ್ಥಕ.

ಇಂಥ ಕಾರನ್ನು ಒಮ್ಮೆ ಓಡಿಸಿ ನೋಡಿದವರಿಗೆ ಗೊತ್ತು, ಅದರ ಎಂಜಿನ್ನಿಗಿಂತ ಹೆಚ್ಚು ಗೋಳು ಸ್ಟೇರಿಂಗಿನದು. ನಿಂತಲ್ಲಿ ತಿರುಗಿಸಲು ಭುಜದ ಕೀಲು ಕಿತ್ತುಬರಬೇಕು. ಸ್ವಲ್ಪ ವೇಗ ಹಿಡಿದರೆ ಮುಂದಿನ ಚಕ್ರಗಳೆರಡೂ ಸನ್ನಿ ಹಿಡಿದಂತೆ ನಡುಗಲು ಶುರು, ಆ ನಡುಕವೆಲ್ಲ ನೇರ ಕೈಗೆ ಬರುತ್ತದೆ. ಕಲ್ಲಿಗೋ ಗುಂಡಿಗೋ ಚಕ್ರ ಬಡಿದರೆ ಸ್ಟೇರಿಂಗ್ ತಾನಾಗಿ ಗಿರ್ರನೆ ತಿರುಗಿ, ಒಳಗೆ ಬೆರಳಿದ್ದರೆ ಮುರಿದುಹಾಕುತ್ತದೆ. ಶೆಡ್ಡಿಗೆ ಹೊಸದಾಗಿ ಬಂದವರಿಗೆಲ್ಲ ಕಾಕ ಹೇಳಿಕೊಡುತ್ತಿದ್ದ ಮೊದಲ ಪಾಠ ಅದೇ: "ಹೆಬ್ಬೆರಳು ಹೊರಗೆ ಇಡಿ ಮಾರಾಯ್ರೆ. ಒಳಗೆ ಹಾಕಿದ್ರೆ ಮತ್ತೆ ಊಟ ಮಾಡ್ಲಿಕ್ಕೆ ಇನ್ನೊಬ್ಬರ ಕೈ ಬೇಕಾಗ್ತದೆ."

ಕಾಕ ಎಂದರೆ ನನ್ನ ಸಂಬಂಧಿಕರೇನಲ್ಲ. ಬಂಟ್ವಾಳದ ಕಡೆಯ ಬ್ಯಾರಿ, ನನಗಿಂತ ಹತ್ತು ವರ್ಷ ದೊಡ್ಡವರು. ಮೊದಲು ಊರಿನಲ್ಲಿ ಬಸ್ಸುಗಳ ಸ್ಟೇರಿಂಗ್ ಬಿಚ್ಚಿ ಜೋಡಿಸುತ್ತಿದ್ದವರು, ಆಮೇಲೆ ಇಲ್ಲಿ ಮೂವತ್ತು ವರ್ಷ ಅದೇ ಕೆಲಸ. ಮುಹೈಸ್ನಾದ ಒಂದು ರೂಮಿನಲ್ಲಿ ಆರು ಜನರ ಜೊತೆ ಇರುತ್ತಾರೆ, ಬೆಳಿಗ್ಗೆ ಕಂಪನಿಯ ವ್ಯಾನಿನಲ್ಲಿ ಬರುತ್ತಾರೆ. ನಾನು ಮೈಸೂರಿನವನು. ಅಲ್ ಬರ್ಷಾದಲ್ಲಿ ಎರಡು ಬೆಡ್‌ರೂಮಿನ ಫ್ಲಾಟು, ಸ್ವಂತ ಕಾರು, ಕುತ್ತಿಗೆಗೆ ನೇತುಹಾಕಿಕೊಳ್ಳಲು ಒಂದು ಕಾರ್ಡು, ಅದರ ಮೇಲೆ ಇಂಜಿನಿಯರ್ ಎಂಬ ಪದ. ಶೆಡ್ಡಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ.

ಕಾಕನ ಕೈಯ ಬಗ್ಗೆ ಹೇಳಲೇಬೇಕು, ಯಾಕೆಂದರೆ ನಾನು ಹಾಳುಮಾಡಿದ್ದು ಅದನ್ನೇ. ಸ್ಟೇರಿಂಗ್ ಕಂಬದ ಬುಡದಲ್ಲಿ ಒಂದು ಕಬ್ಬಿಣದ ಡಬ್ಬಿ ಇರುತ್ತದೆ, ಒಳಗೆ ಹಲ್ಲುಗಳು. ನೇರ ರಸ್ತೆಯಲ್ಲೇ ಹೆಚ್ಚು ಓಡುವುದರಿಂದ ಹಲ್ಲುಗಳು ನಡುವೆ ಸವೆದಿರುತ್ತವೆ, ಎರಡು ಕೊನೆಗಳಲ್ಲಿ ಹೊಸದರಂತೆಯೇ ಉಳಿದಿರುತ್ತವೆ. ನಡುವಿನ ಸಡಿಲಿಗೆ ಸರಿಯಾಗಿ ಬಿಗಿ ಮಾಡಿದರೆ ಪೂರ್ತಿ ತಿರುಗಿಸಿದಾಗ ಹಲ್ಲು ಕಚ್ಚಿಕೊಂಡು ಕೂರುತ್ತದೆ. ಕೊನೆಗೆ ಸರಿಯಾಗಿ ಬಿಟ್ಟರೆ ನಡುವೆ ಗಾಡಿ ಅಲೆಯುತ್ತದೆ. ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಕಾಕ ಎರಡು ಬೆರಳಲ್ಲಿ ಸ್ಟೇರಿಂಗನ್ನು ಹಿಡಿದು, ಕಣ್ಣು ಬೇರೆಲ್ಲೋ ಇಟ್ಟುಕೊಂಡು, ಸ್ವಲ್ಪ ಆ ಕಡೆ ಈ ಕಡೆ ಆಡಿಸಿ, "ಇಷ್ಟು ಸಾಕು" ಎನ್ನುತ್ತಿದ್ದರು. ನಾನು ಅಳತೆ ಹಿಡಿದು ನೋಡಿದರೆ ಅದಕ್ಕಿಂತ ಚೆನ್ನಾಗಿ ಮಾಡಲು ಏನೂ ಇರುತ್ತಿರಲಿಲ್ಲ. ಆದರೂ ಏನಾದರೊಂದು ಬರೆದುಕೊಳ್ಳುತ್ತಿದ್ದೆ. ಸಂಬಳ ತೆಗೆದುಕೊಳ್ಳುವವನು ಏನಾದರೂ ಬರೆಯಬೇಕಲ್ಲ.

ಬಿಗಿ ಮಾಡಿದ ಮೇಲೆ ಪರೀಕ್ಷೆ. ಶೆಡ್ಡಿನ ಹಿಂದೆ ಒಂದು ಖಾಲಿ ಜಾಗವಿತ್ತು, ಗಟ್ಟಿ ಮರಳು. ಅಲ್ಲಿ ಎರಡು ಎಣ್ಣೆ ಡ್ರಮ್ಮುಗಳನ್ನು ದೂರ ದೂರ ನಿಲ್ಲಿಸಿ, ಕಾರಿನ ಸೀಟುಗಳ ಮೇಲೆ ನಾಲ್ಕು ಮೂಟೆ ಮರಳು ಹೇರಿ, ಕಾಕ ಡ್ರಮ್ಮುಗಳ ಸುತ್ತ ಎಂಟು ಹಾಕುತ್ತಿದ್ದರು. ನಮ್ಮೂರಲ್ಲಿ ಲೈಸೆನ್ಸಿಗಾಗಿ ಸ್ಕೂಟರಿನಲ್ಲಿ ಹಾಕಿಸುತ್ತಾರಲ್ಲ, ಅದೇ ಎಂಟು. ಹತ್ತು ಸಲ ಎಂಟು ಹಾಕಿ ಇಳಿದ ಮೇಲೆಯೇ ಆ ಕಾರು ಅವರ ಮಟ್ಟಿಗೆ ಪಾಸು. ಮೂಟೆ ಯಾಕೆ, ಖಾಲಿ ಗಾಡಿ ಸಾಲದೇ ಎಂದು ನಾನು ಒಮ್ಮೆ ಕೇಳಿದ್ದೆ. "ಅರ್ಬಾಬ್ ಒಬ್ಬರೇ ಹೋಗುದಾ ಸಾರ್? ಮನೆಯವರೆಲ್ಲ ಕೂತಾಗ ಗಾಡಿ ಬೇರೆಯೇ ಆಗ್ತದೆ" ಎಂದರು. ಆ ಒಂದು ಮಾತಿಗೆ ಸರಿಯಾಗಿ ಕಿವಿಗೊಟ್ಟಿದ್ದರೆ ನಾನು ಇದನ್ನು ಬರೆಯುತ್ತ ಕೂರಬೇಕಿರಲಿಲ್ಲ.

ಆ ವರ್ಷದ ಕಾರು ನಮ್ಮಲ್ಲಿದ್ದವುಗಳಲ್ಲೆಲ್ಲ ಹಳೆಯದು, ನಡುಕವೂ ಅದರದೇ ಹೆಚ್ಚು. ಅರ್ಬಾಬ್ ಬಂದು, ಸ್ಟೇರಿಂಗನ್ನು ಏನಾದರೂ ಮಾಡಿ ಸುಧಾರಿಸಿ, ಚಳಿಗಾಲದ ಕೂಟಕ್ಕೆ ಇದೇ ಬೇಕು ಎಂದರು. ಕಾಕ ತಮ್ಮ ಡಬ್ಬಿಯನ್ನು ತಮ್ಮ ರೀತಿಯಲ್ಲಿ ಸರಿಮಾಡಿದರು. ನಡುಕ ಅರ್ಧ ಹೋಯಿತು. ಉಳಿದರ್ಧಕ್ಕೆ ನಾನು ಒಂದು ಉಪಾಯ ಹೂಡಿದೆ. ಈಗಿನ ದೊಡ್ಡ ಜೀಪುಗಳಲ್ಲಿ ಚಕ್ರದ ನಡುಕ ನುಂಗಲು ಎಣ್ಣೆ ತುಂಬಿದ ಒಂದು ಸಣ್ಣ ಕೊಳವೆ ಇರುತ್ತದೆ, ಡ್ಯಾಂಪರ್ ಎನ್ನುತ್ತಾರೆ. ಅಂಥದ್ದೊಂದನ್ನು ಈ ಮುದಿ ಕಾರಿಗೆ ಕಾಣದಂತೆ ಕೂರಿಸುವುದು. ಅದನ್ನು ಹಿಡಿದು ನಿಲ್ಲಿಸಲು ಕಾರಿನ ಅಡಿಯ ಚೌಕಟ್ಟಿಗೆ ಒಂದು ಕಬ್ಬಿಣದ ಬ್ರಾಕೆಟ್. ಕಂಪ್ಯೂಟರಿನಲ್ಲಿ ಅದರ ಚಿತ್ರ ಬರೆದೆ, ಬಣ್ಣ ಬಣ್ಣದಲ್ಲಿ ಮುದ್ರಿಸಿ ಅರ್ಬಾಬ್‌ಗೆ ತೋರಿಸಿದೆ. ಅವರು ಬೆನ್ನು ತಟ್ಟಿದರು. ನನಗೆ ಕೊಂಬು ಬಂತು. ಕಾಕ ಇನ್ನೊಂದು ಕಾರಿನ ಕೆಳಗೆ ಮಲಗಿದ್ದಾಗ, ನನಗೂ ಕೈಕೆಲಸ ಬರುತ್ತದೆ ಎಂದು ತೋರಿಸಿಕೊಳ್ಳಲು ಆ ಬ್ರಾಕೆಟ್ಟನ್ನು ನಾನೇ ಜೋಡಿಸಿದೆ. ಸರಿಯಾದ ಉದ್ದದ ಬೋಲ್ಟ್ ಶೆಡ್ಡಿನಲ್ಲಿರಲಿಲ್ಲ. ದೂರದ ನೈಫ್ ಪೇಟೆಯ ಬೋಲ್ಟ್ ಅಂಗಡಿಗೆ ಹೋಗಿ ಬರಲು ಅರ್ಧ ದಿನ ಹಾಳು ಎಂದುಕೊಂಡು ಕೈಗೆ ಸಿಕ್ಕ ಉದ್ದದ್ದನ್ನೇ ಹಾಕಿದೆ. ನಟ್ಟಿನಾಚೆ ಒಂದು ಬೆರಳಷ್ಟು ಚಾಚಿಕೊಂಡಿತ್ತು. ಆಮೇಲೆ ಕತ್ತರಿಸಿದರಾಯಿತು ಎಂದುಕೊಂಡು ಮರೆತೆ.

ಕಾರನ್ನು ತೋಟಕ್ಕೆ ಕಳಿಸಬೇಕಾದದ್ದು ಒಂದು ಶುಕ್ರವಾರ. ಬೆಳಿಗ್ಗೆ ನೋಡಿದರೆ ಶೆಡ್ಡಿನ ಹಿಂದಿನ ಜಾಗವನ್ನು ನೀರಿನ ಪೈಪಿಗಾಗಿ ಅಗೆದು ಹಾಕಿದ್ದಾರೆ. ಡ್ರಮ್ಮುಗಳು ಒಂದು ಮೂಲೆಯಲ್ಲಿ ಉರುಳಿ ಬಿದ್ದಿವೆ. ಕಾರು ಹೇರಿಕೊಂಡು ಹೋಗಲು ಲಾರಿ ಬಂದು ಗೇಟಿನಲ್ಲಿ ನಿಂತಿತ್ತು. ಕಾಕನಿಗೆ ಜುಮಾ ನಮಾಜಿಗೆ ಹೋಗಬೇಕು.

"ಇವತ್ತು ಆಗುದಿಲ್ಲ ಸಾರ್. ನಾಳೆ ಬೇರೆ ಎಲ್ಲಿಯಾದ್ರೂ ಜಾಗ ನೋಡಿ ಎಂಟು ಹಾಕಿ ಕಳಿಸುವ" ಎಂದರು ಕಾಕ.

"ನಾಳೆ ಅಲ್ಲಿ ಗೆಸ್ಟ್‌ಗಳೆಲ್ಲ ಬರ್ತಾರೆ ಕಾಕಾ. ಮುಂದಿನ ಸರ್ಕಲ್ ಇದೆಯಲ್ಲ, ಅಲ್ಲೇ ಒಂದ್ ಹತ್ತು ಸುತ್ತು ಹಾಕ್ಬಿಡಿ, ಸಾಕು" ಎಂದೆ ನಾನು.

"ಎಂಟು ಬೇರೆ, ಸರ್ಕಲ್ ಬೇರೆ ಅಲ್ವಾ ಸಾರ್."

"ತಿರುಗೋದು ತಾನೇ? ಎಲ್ಲಿ ತಿರುಗಿದ್ರೂ ಒಂದೇ. ಯಲ್ಲಾ, ಹೊರಡಿ."

ನಾನು ಇಂಜಿನಿಯರ್. ಅವರು ಹೊರಟರು. ನಾನು ಶೆಡ್ಡಿನ ನೆರಳಲ್ಲಿ ನಿಂತು, ಫೋನು ನೋಡುತ್ತ, ಕಾರು ಸರ್ಕಲ್ ಸುತ್ತುವುದನ್ನು ಅರೆಗಣ್ಣಲ್ಲಿ ಎಣಿಸಿದೆ. ಹತ್ತಾಯಿತು. ನಡುಕವೇ ಇಲ್ಲ. ಕಾಕ ವಾಪಸು ಬಂದು, "ನಡುಕ ಹೋಗಿದೆ ಸಾರ್, ನಿಮ್ಮ ಡ್ಯಾಂಪರ್ ಒಳ್ಳೇದುಂಟು. ಆದ್ರೆ ಎಂಟು ಬಾಕಿ" ಎಂದು ಹೇಳಿಯೇ ಕೈ ತೊಳೆಯಲು ಹೋದರು. ಪರೀಕ್ಷೆಯ ಹಾಳೆಯಲ್ಲಿ ಬಲಕ್ಕೆ ಪೂರ್ತಿ, ಎಡಕ್ಕೆ ಪೂರ್ತಿ ಎಂದು ಎರಡು ಚೌಕಗಳಿರುತ್ತವೆ. ಎರಡಕ್ಕೂ ಟಿಕ್ ಹಾಕಿ ಸಹಿ ಮಾಡಿದೆ.

ಆ ಟಿಕ್ ಹಾಕುವಾಗ ನಾನು ಸುಳ್ಳು ಬರೆಯುತ್ತಿದ್ದೇನೆ ಎಂದು ನನಗೆ ಅನ್ನಿಸಲಿಲ್ಲ, ಇದು ಸತ್ಯ. ಮೈಸೂರಿನಲ್ಲಿ ಬೆಳೆದವನಿಗೆ ಸರ್ಕಲ್ ಸುತ್ತುವುದೆಂದರೆ ಬಲಕ್ಕೆ ತಿರುಗುವುದು. ಹದಿನೆಂಟನೇ ವಯಸ್ಸಿನಿಂದ ಸ್ಕೂಟರು, ಆಮೇಲೆ ಕಾರು, ದಿನಕ್ಕೆ ಐದಾರು ಸರ್ಕಲ್ಲು, ಎಲ್ಲವನ್ನೂ ಬಲಗೈ ಕಡೆ ಇಟ್ಟುಕೊಂಡೇ ಸುತ್ತಿದವನು ನಾನು. ಸರ್ಕಲ್ಲಿನಲ್ಲಿ ಬಲ ಆಯಿತು, ಗೇಟಿನೊಳಗೆ ಬರುವಾಗ ಎಡ ಆಯಿತು, ಎರಡೂ ಮುಗಿಯಿತು ಎಂದು ತಲೆ ಹೇಳಿತು, ಕೈ ಬರೆಯಿತು. ಈ ಊರಿನಲ್ಲಿ ರಸ್ತೆಯ ಬಲಗಡೆ ಗಾಡಿ ಓಡಿಸುತ್ತಾರೆ, ಸರ್ಕಲ್ಲನ್ನು ಎಡಕ್ಕೆ ಸುತ್ತುತ್ತಾರೆ. ಹನ್ನೆರಡು ವರ್ಷದಿಂದ ನಾನೂ ದಿನವೂ ಹಾಗೆಯೇ ಸುತ್ತುತ್ತಿದ್ದೇನೆ. ಆದರೂ ಸರ್ಕಲ್ ಎಂಬ ಪದದ ಜೊತೆ ಕಣ್ಣಿಗೆ ಬರುವುದು ಮೈಸೂರಿನದೇ. ಆ ಕಾರು ಅವತ್ತು ಒಂದು ಸಲವೂ ಬಲಕ್ಕೆ ಪೂರ್ತಿಯಾಗಿ ತಿರುಗಿರಲಿಲ್ಲ. ಮರಳು ಮೂಟೆಯೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ತೋಟದಿಂದ ಫೋನ್ ಬಂತು. ಅರ್ಬಾಬ್ ಮೂವರು ನೆಂಟರನ್ನು ಕೂರಿಸಿಕೊಂಡು ತೋಟದ ಒಳಗೇಟಿನಲ್ಲಿ ಬಲಕ್ಕೆ ತಿರುಗಿದ್ದಾರೆ. ಅಲ್ಲೊಂದು ಹಂಪ್ ಇದೆ. ಹಂಪ್ ಇಳಿಯುವಾಗ ಸ್ಟೇರಿಂಗ್ ತಿರುಗಿದಲ್ಲೇ ಕಚ್ಚಿಕೊಂಡು, ವಾಪಸು ಬರದೆ, ಕಾರು ಹಾಗೆಯೇ ಸುತ್ತಿಕೊಂಡು ಹೋಗಿ ತಗ್ಗು ಗೋಡೆಗೆ ಗುದ್ದಿದೆ. ಗುದ್ದಿದ ರಭಸಕ್ಕೆ ಸ್ಟೇರಿಂಗ್ ತಿರುಗಿ ಅರ್ಬಾಬ್‌ರ ಹೆಬ್ಬೆರಳು ಮುರಿದಿದೆ. ಉಳಿದವರಿಗೆ ಏನೂ ಆಗಿಲ್ಲ. ನಿಧಾನವಾಗಿ ಹೋಗುತ್ತಿದ್ದರು, ಅಷ್ಟೇ ಪುಣ್ಯ.

ನಾನೊಬ್ಬನೇ ಹೋದೆ. ಕಾರು ಗೋಡೆಯ ಪಕ್ಕ ನಿಂತಿತ್ತು. ಕೆಳಗೆ ನುಸುಳಿ ಟಾರ್ಚ್ ಬಿಟ್ಟ ಮರುಕ್ಷಣವೇ ಕಂಡಿತು. ಚಕ್ರಕ್ಕೆ ಹೋಗುವ ಸ್ಟೇರಿಂಗ್ ಸಲಾಕೆಯ ಮೇಲೆ ಹೊಸದಾಗಿ ಹೊಳೆಯುವ ಒಂದು ಗೀರು. ಅದರ ನೇರಕ್ಕೆ ಮೇಲೆ ನನ್ನ ಬ್ರಾಕೆಟ್, ಬ್ರಾಕೆಟ್ಟಿನಿಂದ ಚಾಚಿದ ನನ್ನ ಬೋಲ್ಟ್. ಗಾಡಿಯಲ್ಲಿ ಜನ ಕೂತು ಸ್ಪ್ರಿಂಗ್ ಕುಗ್ಗಿದಾಗ, ಅದೂ ಬಲಕ್ಕೆ ಪೂರ್ತಿ ತಿರುಗಿಸಿದಾಗ, ಸಲಾಕೆ ಬಂದು ಬೋಲ್ಟಿನ ತುದಿಗೆ ಸಿಕ್ಕಿಕೊಳ್ಳುತ್ತಿತ್ತು. ಕಾಕ ಮೂಟೆ ಹೇರಿ ಎಂಟು ಹಾಕಿದ್ದರೆ ಮೊದಲ ಸುತ್ತಿನಲ್ಲೇ ಸಿಗುತ್ತಿತ್ತು.

ಗರಗಸ ತಂದಿದ್ದೆ. ಐದು ನಿಮಿಷದಲ್ಲಿ ಬೋಲ್ಟಿನ ತುದಿ ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ಆಮೇಲೆ ಎಮರಿ ಕಾಗದ ತೆಗೆದು ಸಲಾಕೆಯ ಮೇಲಿನ ಗೀರನ್ನು ಉಜ್ಜಿದೆ. ಬೋಲ್ಟ್ ಕತ್ತರಿಸಿದ್ದು ರಿಪೇರಿ. ಗೀರು ಉಜ್ಜಿದ್ದು ರಿಪೇರಿಯಲ್ಲ. ಅದಕ್ಕೆ ಬೇರೆ ಹೆಸರಿದೆ, ಉಜ್ಜುವಾಗಲೂ ಆ ಹೆಸರು ನನಗೆ ಗೊತ್ತಿತ್ತು.

ಅರ್ಬಾಬ್ ಬಂದರು, ಕೈಗೆ ಬಿಳಿ ಪಟ್ಟಿ. ಕೋಪವೇನೂ ಇರಲಿಲ್ಲ, ಕಾರಿನ ಮೇಲೆ ಮರುಕವಿತ್ತು. ಇವರಿಗೂ ಹಳೆಯ ಸ್ಟೇರಿಂಗ್ ಬಗ್ಗೆ ಸಾಕಷ್ಟು ಗೊತ್ತು. ಅವರೇ ಕೇಳಿದರು, ಮುದುಕ ಡಬ್ಬಿಯನ್ನು ಜಾಸ್ತಿ ಬಿಗಿ ಮಾಡಿದ್ದನೇ, ಕೊನೆಯಲ್ಲಿ ಕಚ್ಚಿಕೊಂಡಿತೇ ಎಂದು.

ನಾನು "ಇರಬಹುದು" ಎಂದೆ.

ಹೌದು ಎನ್ನಲಿಲ್ಲ. ಆ ಸೂಕ್ಷ್ಮವನ್ನು ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡು ಸಮಾಧಾನ ಮಾಡಿಕೊಂಡೆ. ವೀಸಾ ನವೀಕರಣದ ತಿಂಗಳು, ಮಗಳ ಸ್ಕೂಲು, ಮನೆ ಬಾಡಿಗೆ ಎಂದು ಕಾರಣಗಳನ್ನು ಜೋಡಿಸಿಕೊಂಡೆ. ಎಲ್ಲ ನೆಪ. ಅರ್ಬಾಬ್ ನನ್ನನ್ನು ಕೆಲಸದಿಂದ ತೆಗೆಯುವ ಮನುಷ್ಯರಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಬಣ್ಣದ ಚಿತ್ರ ತೋರಿಸಿ ಬೆನ್ನು ತಟ್ಟಿಸಿಕೊಂಡಿದ್ದೆನಲ್ಲ, ಆ ಬೆನ್ನು ತಗ್ಗಿಸಲು ಮನಸ್ಸು ಬರಲಿಲ್ಲ. ಇದ್ದದ್ದು ಅಷ್ಟೇ.

ಖಲಾಸ್, ಆ ಮುದುಕ ಇನ್ನು ನನ್ನ ಕಾರುಗಳನ್ನು ಓಡಿಸುವುದು ಬೇಡ, ಸ್ಟೇರಿಂಗ್ ಡಬ್ಬಿಯನ್ನೂ ಮುಟ್ಟುವುದು ಬೇಡ, ವಯಸ್ಸಾಯಿತು, ಬೇರೆ ಕೆಲಸ ಕೊಡು ಎಂದರು ಅರ್ಬಾಬ್. ಸಂಬಳ ಹಾಗೆಯೇ ಇರಲಿ ಎಂದೂ ಸೇರಿಸಿದರು. ಅದನ್ನು ಕಾಕನಿಗೆ ತಿಳಿಸುವ ಕೆಲಸ ನನಗೇ ಬಂತು.

ಕಾಕ ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಎಂಟು ಹಾಕಲು ಬಿಡದಿದ್ದದ್ದು ನೀವಲ್ಲವೇ ಎಂದು ಕೇಳುತ್ತಾರೆ, ಕೇಳಿದರೆ ನಾನು ಎಲ್ಲ ಒಪ್ಪಿಕೊಂಡುಬಿಡುತ್ತೇನೆ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ. ಅವರು ಕೇಳಲಿಲ್ಲ. ತಮ್ಮ ಬಲಗೈಯನ್ನು ನೋಡಿಕೊಂಡು, "ಕಚ್ಚಿದ್ದಾ? ಪೂರ್ತಿ ತಿರುಗಿಸಿದಾಗಲಾ? ನಾನು ಸ್ವಲ್ಪ ಬಿಟ್ಟಿದ್ದೆ ಸಾರ್. ಬಿಟ್ಟಿದ್ದೆ ಅಂತಲೇ ನೆನಪು" ಎಂದರು. ಅದಕ್ಕೆ ಹೌದೆನ್ನದೆ ನಾನು ನನ್ನ ಮೇಜಿಗೆ ವಾಪಸು ಹೋದೆ.

ಅಲ್ಲಿಂದ ಮೂರು ತಿಂಗಳು ನಾನು ನೋಡಿದ್ದನ್ನು ಯಾರೂ ನೋಡಬಾರದು. ಅವರಿಗೆ ಬ್ರೇಕಿನ ಕೆಲಸ ಕೊಟ್ಟೆವು. ಮೂವತ್ತು ವರ್ಷ ಯಾರನ್ನೂ ಕೇಳದೆ ಬಿಗಿ ಮಾಡಿದ ಮನುಷ್ಯ ಈಗ ಒಂದು ನಟ್ಟು ಬಿಗಿ ಮಾಡಿ, ಮತ್ತೆ ಬಿಚ್ಚಿ, ಮತ್ತೆ ಬಿಗಿ ಮಾಡಿ, ಕೊನೆಗೆ ಸ್ಪ್ಯಾನರ್ ಹಿಡಿದುಕೊಂಡೇ ನನ್ನ ಮೇಜಿನ ಹತ್ತಿರ ಬರುತ್ತಿದ್ದರು. "ಸಾರ್, ಒಮ್ಮೆ ನೀವು ಮುಟ್ಟಿ ನೋಡಿ. ಸರಿ ಉಂಟಾ?" ಸ್ಪ್ಯಾನರಿನ ನಂಬರ್ ನೋಡಿ ಎತ್ತಿಕೊಳ್ಳುವ ನನ್ನನ್ನು ಅವರು ಕೇಳುತ್ತಿದ್ದರು. ನಾನು ಹೋಗಿ ಮುಟ್ಟಿ "ಸರಿ ಇದೆ ಕಾಕಾ" ಎನ್ನುತ್ತಿದ್ದೆ. ಅವರು ಅದನ್ನು ನಂಬಿ ತಲೆಯಾಡಿಸಿ ಹೋಗುತ್ತಿದ್ದರು. ದಿನಕ್ಕೆ ನಾಲ್ಕೈದು ಸಲ.

ಪೈಪಿನ ಅಗೆತ ಮುಗಿದು ಹಿಂದಿನ ಜಾಗ ಮತ್ತೆ ಸಮತಟ್ಟಾಯಿತು. ಡ್ರಮ್ಮುಗಳನ್ನು ಯಾರೋ ಎತ್ತಿ ನಿಲ್ಲಿಸಿದರು. ಸ್ಟೇರಿಂಗ್ ಪರೀಕ್ಷೆಗೆ ಬೇರೆ ಗ್ಯಾರೇಜಿನಿಂದ ಒಬ್ಬರನ್ನು ಕರೆಸುತ್ತಿದ್ದೆವು. ಅವರು ಎಂಟು ಹಾಕುವಾಗ ಕಾಕ ಒಳಗೆಲ್ಲೋ ಕೆಲಸ ಹುಡುಕಿಕೊಂಡು ಹೋಗುತ್ತಿದ್ದರು.

ಒಂದು ದಿನ ಊಟದ ಹೊತ್ತಿಗೆ ಕಾಕ ಒಂದು ಲಕೋಟೆ ತಂದು ನನ್ನ ಮುಂದಿಟ್ಟರು. ಯಾವುದೋ ಕ್ಲಿನಿಕ್ಕಿಗೆ ಹೋಗಿ ಎರಡೂ ಕೈಗಳ ನರ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದಾರೆ. ವರದಿ ಇಂಗ್ಲಿಷಿನಲ್ಲಿತ್ತು.

"ರೂಮಿನಲ್ಲಿ ಓದ್ಲಿಕ್ಕೆ ಬರುವವರು ಇದ್ದಾರೆ. ಆದ್ರೆ ಅವರಿಗೆ ಗೊತ್ತಾಗುದು ಬೇಡ ಅಂತ. ನೀವು ಓದಿ ಸಾರ್. ಎಂತ ಬರೆದಿದ್ದಾರೆ?"

ಓದಿದೆ. ಏನೂ ತೊಂದರೆ ಇರಲಿಲ್ಲ. ಬೆರಳ ಸ್ಪರ್ಶ, ಹಿಡಿತ, ನರ, ಎಲ್ಲವೂ ಆ ವಯಸ್ಸಿಗಿಂತ ಚೆನ್ನಾಗಿವೆ ಎಂದಿತ್ತು. "ಎಲ್ಲ ಸರಿಯಾಗಿದೆ ಕಾಕಾ, ಒಳ್ಳೆ ಸುದ್ದಿನೇ" ಎಂದೆ.

ಅವರ ಮುಖ ಅರಳಲಿಲ್ಲ. ಇನ್ನಷ್ಟು ಇಳಿಯಿತು. "ಕೈ ಸರಿ ಉಂಟಾ? ಹಾಗಾದ್ರೆ ತಲೆ ಹೋದದ್ದಾ ಸಾರ್? ನನ್ನ ಬಾಪನಿಗೂ ಕೊನೆಗೆ ಹಾಗೇ ಆಗಿತ್ತು. ಮಾಡಿದ್ದು ಮಾಡಿಲ್ಲ ಅಂತ, ಮಾಡದ್ದು ಮಾಡಿದ್ದೇನೆ ಅಂತ" ಎಂದರು. ಲಕೋಟೆಯನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು ಎದ್ದರು.

ಆ ಸಂಜೆ ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಬೋಲ್ಟು, ಗೀರು, ಎಮರಿ ಕಾಗದ, ಇರಬಹುದು ಎಂದದ್ದು, ಲಕೋಟೆ. ಅವಳು ಚಪಾತಿ ಒತ್ತುತ್ತಿದ್ದವಳು ನಿಲ್ಲಿಸಿ ಕೇಳಿದಳು. ಸಮಾಧಾನ ಹೇಳುತ್ತಾಳೆ ಎಂದು ನಾನು ಕಾದದ್ದು ನಿಜ.

"ನನಗ್ಯಾಕ್ ಹೇಳ್ತಿದೀರಾ? ನನ್ ಕೈಗೇನಾಗಿದೆ?" ಎಂದಳು. ಮತ್ತೆ ಚಪಾತಿ ಒತ್ತಲು ಶುರುಮಾಡಿದಳು.

ಭಾನುವಾರ ಬೆಳಿಗ್ಗೆ ಮುಹೈಸ್ನಾಗೆ ಹೋದೆ. ಹನ್ನೆರಡು ವರ್ಷದಲ್ಲಿ ಕಾಕ ಇರುವ ಕಡೆ ನಾನು ಹೋದದ್ದು ಅದೇ ಮೊದಲು. ಕಟ್ಟಡದ ಹೊರಗಿನ ತಂತಿಯ ಮೇಲೆ ಅವರು ಬಟ್ಟೆ ಹರವುತ್ತಿದ್ದರು. ನನ್ನನ್ನು ಕಂಡು ಗಾಬರಿಯಾಗಿ, ರೂಮಿನೊಳಗೆ ಕರೆಯಲು ಸಂಕೋಚಪಟ್ಟು, ಪಕ್ಕದ ಕೆಫೆಟೇರಿಯಾದ ಹೊರಗಿನ ಕುರ್ಚಿಯಲ್ಲಿ ಕೂರಿಸಿ ಎರಡು ಸುಲೈಮಾನಿ ಹೇಳಿದರು. ನಾನು ಚಹಾ ಬರುವ ಮೊದಲೇ ಜೇಬಿನಿಂದ ಬೋಲ್ಟಿನ ತುಂಡು ತೆಗೆದು ಮೇಜಿನ ಮೇಲಿಟ್ಟೆ. ಮೂರು ತಿಂಗಳಿಂದ ಅದು ನನ್ನ ಮೇಜಿನ ಡ್ರಾಯರಿನಲ್ಲಿತ್ತು, ಎಸೆಯಲೂ ಆಗಿರಲಿಲ್ಲ.

ಕಾಕ ಅದನ್ನು ಎತ್ತಿಕೊಂಡು ಬೆರಳಲ್ಲಿ ತಿರುಗಿಸಿದರು. ಕತ್ತರಿಸಿದ ಮೈ ನೋಡಿದರು. ಇನ್ನೊಂದು ತುದಿಯ ತಿರುಪಿನ ಗೆರೆಗಳ ಮೇಲೆ ಸಲಾಕೆ ಉಜ್ಜಿ ಚಪ್ಪಟೆಯಾದ ಜಾಗದಲ್ಲಿ ಹೆಬ್ಬೆರಳು ನಿಂತಿತು. ಒಂದು ಸಲ ಹೋಗಿ, ವಾಪಸು ಬಂದು, ಮತ್ತೆ ಅಲ್ಲೇ ನಿಂತಿತು.

"ಇದು ನಾನು ಹಾಕಿದ್ದಲ್ಲ" ಎಂದರು.

"ಅಲ್ಲ ಕಾಕಾ. ನಾನು ಹಾಕಿದ್ದು. ಬ್ರಾಕೆಟ್ಟಿನದು. ಬಲಕ್ಕೆ ತಿರುಗಿದಾಗ ಸಲಾಕೆ ಇದಕ್ಕೆ ಸಿಕ್ಕಿಕೊಳ್ತಿತ್ತು. ನಿಮ್ಮ ಡಬ್ಬಿ ಸರಿಯಾಗೇ ಇತ್ತು. ನಾನು ಅವತ್ತೇ ನೋಡಿದ್ದೆ."

"ಅವತ್ತೇ ನೋಡಿದ್ರಾ?"

"ಹೌದು."

ಚಹಾ ಬಂತು. ಅವರು ಮುಟ್ಟಲಿಲ್ಲ. ನಾನು ಕ್ಷಮೆ ಕೇಳಿದೆ, ಇನ್ನೂ ಏನೇನೋ ಹೇಳಿದೆ, ಈಗ ಅವು ನೆನಪಿಲ್ಲ. ಅವರು ಕೇಳುತ್ತಿರಲಿಲ್ಲ. ಬೋಲ್ಟಿನ ತುಂಡನ್ನು ಮೇಜಿನ ಮೇಲಿಟ್ಟು ತಲೆಯೆತ್ತಿದರು. ಅಂಥ ಕಣ್ಣುಗಳನ್ನು ನಾನು ಅವರಲ್ಲಿ ಮೊದಲು ನೋಡಿರಲಿಲ್ಲ.

"ನಾಲ್ಕು ಜನರ ಎದುರು ಬೈದಿದ್ರೂ ನಾನು ಸುಮ್ಮನಿರ್ತಿದ್ದೆ ಸಾರ್. ತಪ್ಪು ನಿಂದು ಅಂತ ಹೇಳಿ ಮನೆಗೆ ಕಳಿಸಿದ್ರೂ ಹೋಗ್ತಿದ್ದೆ. ಮೂರು ತಿಂಗಳು ನಾನು ದಿನಾ ಬಂದು ನಿಮ್ಮ ಹತ್ರ ಕೇಳಿದ್ದು, ಸರಿ ಉಂಟಾ, ಸರಿ ಉಂಟಾ ಅಂತ. ನೀವು ಮುಟ್ಟಿ ನೋಡಿ ಸರಿ ಇದೆ ಅಂದ್ರಿ. ಆಗ ನಿಮಗೆ ಎಂತ ಆಗ್ತಿತ್ತು?"

ನಾಚಿಕೆಯಾಗುತ್ತಿತ್ತು ಎನ್ನಬಹುದು, ಆದರೆ ನಾಚಿಕೆಯಾದವನು ಮೂರು ತಿಂಗಳು ಸುಮ್ಮನಿರುತ್ತಾನೆಯೇ? ಕಾಕ ಎದ್ದು, ಕೌಂಟರಿಗೆ ಹೋಗಿ ಚಹಾದ ದುಡ್ಡು ತಾವೇ ಕೊಟ್ಟು, ಬಟ್ಟೆ ಒಣಗಿಸುವ ಕಡೆಗೆ ಹೊರಟುಹೋದರು.

ಮರುದಿನ ಅರ್ಬಾಬ್‌ಗೆ ಹೇಳಿದೆ. ಅವರು ನನ್ನನ್ನು ಕೂರಲು ಹೇಳಲಿಲ್ಲ. ಪೂರ್ತಿ ಕೇಳಿ, ತಮ್ಮ ಹೆಬ್ಬೆರಳನ್ನು ಮಡಚಿ ನೋಡಿಕೊಂಡರು. ಅದು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಇದು ನನ್ನ ಬೆರಳು, ಸರಿಹೋಗುತ್ತದೆ, ಆ ಮುದುಕನನ್ನು ನಾನು ಏನಂದುಕೊಂಡುಬಿಟ್ಟೆ ಎಂದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಕಾರನ್ನು ತೋಟದಿಂದ ತರಿಸು, ಅವನೇ ಪರೀಕ್ಷೆ ಮಾಡಲಿ, ನಾನೂ ಬರುತ್ತೇನೆ ಎಂದು ಮಾತ್ರ ಹೇಳಿ ಎದ್ದರು.

ಕಾರು ಬಂತು. ಹಿಂದಿನ ಜಾಗದಲ್ಲಿ ಡ್ರಮ್ಮುಗಳನ್ನು ನಿಲ್ಲಿಸಿದೆವು. ಮರಳು ಮೂಟೆಗಳನ್ನು ನಾನೇ ಹೊತ್ತು ಸೀಟಿನ ಮೇಲಿಟ್ಟೆ. ಅರ್ಬಾಬ್ ಎಲ್ಲರೆದುರು ಕಾಕನ ಕೈ ಹಿಡಿದು, ತಪ್ಪು ನನ್ನದಾಯಿತು ಎಂದರು. ಶೆಡ್ಡಿನ ಜನವೆಲ್ಲ ಕೆಲಸ ಬಿಟ್ಟು ಹೊರಗೆ ಬಂದು ನಿಂತಿದ್ದರು. ಕಾಕ ಕೆಳಗೆ ನುಸುಳಿ ಬ್ರಾಕೆಟ್ ನೋಡಿದರು, ಡಬ್ಬಿ ನೋಡಿದರು. ಹತ್ತಿ ಕೂತು, ಎರಡು ಬೆರಳಲ್ಲಿ ಸ್ಟೇರಿಂಗ್ ಆಡಿಸಿದರು. ಹಳೆಯ ಕಾಕನೇ ಬಂದುಬಿಟ್ಟರು ಎಂದು ನನಗೆ ಎದೆ ಹಗುರವಾಯಿತು, ನನ್ನ ಅಪರಾಧವೂ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಇಂಥ ಹೊತ್ತಿನಲ್ಲೂ ನನಗೆ ತೋಚಿದ್ದು ನನ್ನ ಬಗ್ಗೆಯೇ.

ಕಾರು ಹೊರಟಿತು. ಮೊದಲ ಡ್ರಮ್ಮಿಗೆ ಎಡಕ್ಕೆ ಸುತ್ತು ಬಂತು, ಸಲೀಸಾಗಿ. ನಡುವೆ ದಾಟಿ ಎರಡನೆಯ ಡ್ರಮ್ಮಿನ ಕಡೆಗೆ ಬಲಕ್ಕೆ ತಿರುಗಬೇಕು. ಕಾರು ನಿಧಾನವಾಯಿತು, ಇನ್ನೂ ನಿಧಾನವಾಯಿತು. ನಿಂತಿತು. ಕಾಕ ಹಿಂದಕ್ಕೆ ತಂದು ಮತ್ತೆ ಪ್ರಯತ್ನಿಸಿದರು. ಎಡ ಬಂತು. ಬಲಕ್ಕೆ ಅರ್ಧ ತಿರುಗಿಸಿದಲ್ಲಿ ಮತ್ತೆ ನಿಂತಿತು. ಮೂರನೆಯ ಸಲವೂ ಅಲ್ಲೇ. ಮತ್ತೆ ಏನೋ ಸಿಕ್ಕಿಕೊಳ್ಳುತ್ತಿದೆ, ನನ್ನದೇ ಇನ್ನೊಂದು ತಪ್ಪು ಉಳಿದಿದೆ ಎಂದು ನಾನು ಓಡಿದೆ.

ಕಾಕ ಇಳಿದು ನಿಂತಿದ್ದರು. "ಗಾಡಿ ಸರಿ ಉಂಟು ಸಾರ್. ನೀವು ಓಡಿಸಿ ನೋಡಿ" ಎಂದರು.

ನಾನು ಹತ್ತಿ ಓಡಿಸಿದೆ. ಎಡಕ್ಕೆ, ಬಲಕ್ಕೆ, ಹತ್ತು ಸಲ ಎಂಟು. ಎಲ್ಲೂ ಏನೂ ಕಚ್ಚಲಿಲ್ಲ, ಸ್ಟೇರಿಂಗ್ ಬೆಣ್ಣೆಯ ಹಾಗೆ ತಿರುಗಿತು. ಇಳಿದು ಬಂದು ಅವರ ಮುಂದೆ ನಿಂತೆ. ಅವರು ಕೋಪದಲ್ಲಿರಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು.

"ತಪ್ಪು ನನ್ನದಲ್ಲ ಅಂತ ನನಗೆ ಗೊತ್ತಾಯ್ತು" ಎಂದರು ಕಾಕ. "ಕೈಗೂ ಹೇಳಿ ನೋಡಿದೆ ಸಾರ್. ಅದು ಕೇಳುದಿಲ್ಲ."